ಹೃದ್ರೋಗವಲ್ಲ, ಭಯ: ದೂರದಿಂದಲೇ ಆತಂಕಕ್ಕೆ ಚಿಕಿತ್ಸೆ ಕೊಟ್ಟ ಡಾ. ಕ್ಲೇರ್ ವೀಕ್ಸ್

ಆತಂಕದ ಸಮಸ್ಯೆಗೆ ಆನ್‌ಲೈನ್‌ನಲ್ಲಿ ಸಿಗುವ ಚಿಕಿತ್ಸೆ ಬರೀ ಮಾತು, ಎದುರಿಗೆ ಕೂರದ ವೈದ್ಯರಿಂದ ಏನೂ ವಾಸಿಯಾಗದು ಎನ್ನುವ ಸಂದೇಶಗಳನ್ನು ನೀವೂ ವಾಟ್ಸ್ಆ್ಯಪ್‌ನಲ್ಲಿ ನೋಡಿರಬಹುದು. ಕೆಲವೇ ದಿನಗಳಲ್ಲಿ ಆತಂಕ ಮಾಯ ಎನ್ನುವ ಜಾಹೀರಾತುಗಳೂ ಅದೇ ಫೋನಿಗೆ ಬರುತ್ತವೆ. ಮೊದಲನೆಯದನ್ನು ನಂಬಿದವರು ಸಹಾಯ ಕೇಳುವುದೇ ಇಲ್ಲ. ಎರಡನೆಯದನ್ನು ನಂಬಿದವರು ದುಡ್ಡು ಕಳೆದುಕೊಂಡು, ತಮ್ಮ ಸಮಸ್ಯೆಗೆ ಮದ್ದೇ ಇಲ್ಲ ಎಂದುಕೊಳ್ಳುತ್ತಾರೆ. ಎರಡರಲ್ಲೂ ಪೆಟ್ಟು ಬೀಳುವುದು ಪರೀಕ್ಷೆ, ಸಂದರ್ಶನ, ಹೊಸ ಊರು, ಹೊಸ ಕೆಲಸಗಳ ನಡುವೆ ಒಳಗೊಳಗೇ ನಡುಗುತ್ತಿರುವ ಯುವಜನರಿಗೆ.

ದೂರದಿಂದ ಕೊಡುವ ಚಿಕಿತ್ಸೆ ಇಂಟರ್ನೆಟ್ ಜೊತೆಗೆ ಹುಟ್ಟಿದ್ದಲ್ಲ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯೆಯೊಬ್ಬರು 1960 ಮತ್ತು 70ರ ದಶಕಗಳಲ್ಲೇ ಪುಸ್ತಕ, ಗ್ರಾಮಫೋನ್ ತಟ್ಟೆ, ಕ್ಯಾಸೆಟ್ ಮತ್ತು ಅಂಚೆಯ ಮೂಲಕ ಬೇರೆ ಬೇರೆ ದೇಶಗಳ ಜನರಿಗೆ ಆತಂಕದಿಂದ ಹೊರಬರುವ ದಾರಿ ತೋರಿಸಿದರು. ಅವರೇ ಡಾ. ಕ್ಲೇರ್ ವೀಕ್ಸ್. ಆನ್‌ಲೈನ್ ಥೆರಪಿ ನಂಬಬಹುದೇ, ನಂಬುವುದಾದರೆ ಏನನ್ನು ನೋಡಿ ನಂಬಬೇಕು ಎಂಬ ಪ್ರಶ್ನೆಗಳಿಗೆ ಅವರ ಬದುಕಿನಲ್ಲೇ ಅರ್ಧ ಉತ್ತರವಿದೆ.

ಹಾವುರಾಣಿಗಳನ್ನು ಅಭ್ಯಸಿಸಿದ ಹುಡುಗಿ

ಹೇಜಲ್ ಕ್ಲೇರ್ ವೀಕ್ಸ್ ಹುಟ್ಟಿದ್ದು 1903ರ ಏಪ್ರಿಲ್ 11ರಂದು, ಸಿಡ್ನಿಯಲ್ಲಿ. ತಂದೆ ಸಂಗೀತಗಾರರು. ಹೆಣ್ಣುಮಕ್ಕಳು ವಿಜ್ಞಾನ ಓದುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಆರಿಸಿಕೊಂಡರು. ಅವರ ಸಂಶೋಧನೆಯ ವಿಷಯ ಹಲ್ಲಿ ಮತ್ತು ಹಾವುರಾಣಿ ಜಾತಿಯ ಪ್ರಾಣಿಗಳು. ಇವುಗಳಲ್ಲಿ ಹೆಚ್ಚಿನವು ಮೊಟ್ಟೆ ಇಡುತ್ತವೆ, ಕೆಲವು ನೇರವಾಗಿ ಮರಿ ಹಾಕುತ್ತವೆ. ಮರಿ ಹಾಕುವ ಜಾತಿಗಳಲ್ಲಿ ತಾಯಿಯ ದೇಹದಿಂದ ಮರಿಗೆ ಪೋಷಣೆ ಹೇಗೆ ಸಾಗುತ್ತದೆ, ಎತ್ತರದ ಚಳಿ ಪ್ರದೇಶಗಳಲ್ಲಿ ಇಂಥ ಜಾತಿಗಳು ಏಕೆ ಹೆಚ್ಚು ಎಂಬುದನ್ನು ಅವರು ಅಧ್ಯಯನ ಮಾಡಿದರು. ಸರೀಸೃಪಗಳ ವಿಕಾಸದ ಬಗ್ಗೆ ಬರೆಯುವ ವಿಜ್ಞಾನಿಗಳು ಈ ಕೆಲಸವನ್ನು ಇಂದಿಗೂ ನೆನೆಯುತ್ತಾರೆ.

1930ರಲ್ಲಿ ಸಿಡ್ನಿ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿ ಕೊಟ್ಟಿತು. ಅಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ. ಹೊರಗಿನಿಂದ ನೋಡಿದವರಿಗೆ ಇದು ಗೆಲುವಿನ ಮೇಲೆ ಗೆಲುವು. ಅದೇ ವರ್ಷಗಳಲ್ಲಿ ಅವರ ಮೈಯೊಳಗೆ ನಡೆಯುತ್ತಿದ್ದುದು ಬೇರೆಯೇ ಇತ್ತು.

ಇಲ್ಲದ ಕ್ಷಯ, ನಿಲ್ಲದ ಎದೆಬಡಿತ

ಇಪ್ಪತ್ತೈದರ ಆಸುಪಾಸಿನಲ್ಲಿ ವೀಕ್ಸ್ ಅವರಿಗೆ ಗಂಟಲಿನ ಸೋಂಕು ಕಾಡಿತು. ತೂಕ ಇಳಿಯಿತು, ಸುಸ್ತು ಹೆಚ್ಚಿತು. ವೈದ್ಯರು ಕ್ಷಯ ಇರಬಹುದು ಎಂದು ಶಂಕಿಸಿದರು. ಆಗ ಕ್ಷಯಕ್ಕೆ ಇಂದಿನಂಥ ಔಷಧಿಗಳಿರಲಿಲ್ಲ. ಸ್ಯಾನಿಟೋರಿಯಂನಲ್ಲಿ ಒಳ್ಳೆಯ ಗಾಳಿ, ಊಟ ಮತ್ತು ಸಂಪೂರ್ಣ ವಿಶ್ರಾಂತಿ, ಇವೇ ಮುಖ್ಯ ಚಿಕಿತ್ಸೆ. ಅವರನ್ನೂ ಅಲ್ಲಿಗೇ ಕಳುಹಿಸಲಾಯಿತು.

ಕೈಯಲ್ಲಿ ಕೆಲಸವಿಲ್ಲ, ಮಾತಾಡಲು ಮನೆಯವರಿಲ್ಲ, ಸಾಯುತ್ತೇನೋ ಎಂಬ ಯೋಚನೆ ಬಿಟ್ಟು ಬೇರೇನೂ ಇಲ್ಲ. ಹಾಸಿಗೆಯಲ್ಲಿ ಮಲಗಿ ತಿಂಗಳುಗಟ್ಟಲೆ ತಮ್ಮ ಎದೆಬಡಿತವನ್ನೇ ಕೇಳಿಸಿಕೊಳ್ಳುವಂತಾಯಿತು. ಕೊನೆಗೆ ಕ್ಷಯ ಇಲ್ಲ ಎಂದು ಹೇಳಿ ಅವರನ್ನು ಮನೆಗೆ ಕಳುಹಿಸಿದರು. ಕಾಯಿಲೆ ಇರಲಿಲ್ಲವೆಂದು ಗೊತ್ತಾದ ಮೇಲೂ ಎದೆಬಡಿತ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ನಡೆದರೂ ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಂಡಷ್ಟೂ ಹೃದಯಕ್ಕೇ ಏನೋ ಆಗಿದೆ ಎಂಬ ಹೆದರಿಕೆ ಹೆಚ್ಚುತ್ತಿತ್ತು.

ಅವರಿಗೆ ರಾಕ್‌ಫೆಲ್ಲರ್ ಫೆಲೋಶಿಪ್ ಸಿಕ್ಕಿತ್ತು. ಸಂಶೋಧನೆಗೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹಡಗು ಹತ್ತಿದರು. ಎದೆಬಡಿತವೂ ಜೊತೆಗೇ ಬಂತು. ಇಂದು ಕೆಲಸಕ್ಕೋ ಓದಿಗೋ ಬೇರೆ ಊರಿಗೆ ಹೋದ ಎಷ್ಟೋ ಮಂದಿ ಹೊಸ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಇದು ಹಾರ್ಟ್ ಅಟ್ಯಾಕ್ ಇರಬಹುದೇ ಎಂದು ಫೋನಿನಲ್ಲಿ ಹುಡುಕುತ್ತಾರೆ. ಆ ಅವಸ್ಥೆಯಲ್ಲೇ ಈ ಚಿನ್ನದಂಥ ವಿದ್ಯಾರ್ಥಿನಿಯೂ ಇದ್ದರು. ಬುದ್ಧಿವಂತರಿಗೆ, ಧೈರ್ಯವಂತರಿಗೆ ಆತಂಕದ ಕಾಯಿಲೆ ಬರುವುದಿಲ್ಲ ಎಂಬುದು ಸುಳ್ಳು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಯುದ್ಧದಿಂದ ಬಂದವನ ಒಂದು ಮಾತು

ಯುರೋಪಿನಲ್ಲಿ ಅವರ ಸ್ನೇಹಿತರಲ್ಲಿ ಮಾರ್ಸೆಲ್ ಔರೂಸೋ ಎಂಬ ಭೂವಿಜ್ಞಾನಿ ಇದ್ದರು. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಹೋರಾಡಿ ಪದಕ ಪಡೆದವರು. ವೀಕ್ಸ್ ತಮ್ಮ ಎದೆಬಡಿತದ ಕಷ್ಟ ಹೇಳಿಕೊಂಡಾಗ ಅವರು ಗಾಬರಿಯಾಗಲಿಲ್ಲ. ಕಂದಕದಲ್ಲಿದ್ದ ಸೈನಿಕರಿಗೆಲ್ಲ ಹೀಗೆಯೇ ಆಗುತ್ತಿತ್ತು, ಅದು ಹೆದರಿಕೆಯಿಂದ ಬರುವ ಬಡಿತ ಎಂದು ಸಹಜವಾಗಿ ತಿಳಿಸಿದರು.

ಇಷ್ಟು ದಿನ ಯಾರೂ ಇದನ್ನು ಹೇಳಿರಲಿಲ್ಲ. ಹೃದಯ ಕೆಟ್ಟಿಲ್ಲ, ಅದು ಹೆದರಿದ ದೇಹದ ಹೃದಯದಂತೆ ವರ್ತಿಸುತ್ತಿದೆ, ತಮಗಿರುವ ಭಯ ಆ ಬಡಿತದ ಬಗ್ಗೆಯೇ ಹುಟ್ಟಿದ್ದು ಎಂದು ವೀಕ್ಸ್ ಅವರಿಗೆ ಹೊಳೆಯಿತು. ಬಡಿತವನ್ನು ತಡೆಯಲು ಹೆಣಗಾಡುವುದನ್ನು ಬಿಟ್ಟರು. ಬಿಟ್ಟ ಮೇಲೆ ಅದು ಕ್ರಮೇಣ ಇಳಿಯಿತು. ಈ ಅನುಭವವೇ ಮುಂದೆ ಅವರ ಚಿಕಿತ್ಸಾ ವಿಧಾನದ ಬೇರಾಯಿತು.

ದೇಹದಲ್ಲಿ ಆಗುವುದೇನು?

ಅಪಾಯ ಎದುರಾಯಿತೆಂದು ಮೆದುಳಿಗೆ ಅನಿಸಿದ ಕೂಡಲೇ ದೇಹದಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಓಡಲು ಅಥವಾ ಹೊಡೆದಾಡಲು ಬೇಕಾದ ಸಿದ್ಧತೆ ಇದು. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಉಸಿರಾಟ ಅಗತ್ಯಕ್ಕಿಂತ ಹೆಚ್ಚಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾದಂತೆ, ಬೆರಳು ಜುಮ್ಮೆಂದಂತೆ ಆಗುತ್ತದೆ. ಎದುರಿಗೆ ಹಾವಿದ್ದರೆ ಇದೆಲ್ಲ ಏಕೆ ಎಂದು ನಾವು ಕೇಳುವುದಿಲ್ಲ. ಬಸ್ಸಿನಲ್ಲಿ ಸುಮ್ಮನೆ ಕೂತಿರುವಾಗ ಆದರೆ ಮಾತ್ರ ಸಾಯುತ್ತಿದ್ದೇನೆ ಅನಿಸುತ್ತದೆ.

ವೀಕ್ಸ್ ಇಲ್ಲಿ ಎರಡು ಭಯಗಳನ್ನು ಗುರುತಿಸಿದರು. ಮೊದಲನೆಯದು ಮಿಂಚಿನಂತೆ ತಾನಾಗಿ ಬರುವ ಭಯ. ಅದರ ಮೇಲೆ ನಮ್ಮ ಹಿಡಿತವಿಲ್ಲ. ಎರಡನೆಯದು, ಅಯ್ಯೋ ಇದೇನಾಯಿತು, ಮತ್ತೆ ಬಂದರೆ ಏನು ಗತಿ ಎಂದು ನಾವೇ ಸೇರಿಸುವ ಭಯ. ಎರಡನೆಯ ಭಯ ಮತ್ತಷ್ಟು ಅಡ್ರಿನಲಿನ್ ತರಿಸುತ್ತದೆ, ಅದು ಮತ್ತಷ್ಟು ಬಡಿತ ತರುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುವುದು ಹೀಗೆ. ದಿನಗಟ್ಟಲೆ ಹೀಗಾದರೆ ನರವ್ಯೂಹ ಸಣ್ಣ ಸದ್ದಿಗೂ ಬೆಚ್ಚುವಷ್ಟು ಸೂಕ್ಷ್ಮವಾಗುತ್ತದೆ ಎಂದು ಅವರು ವಿವರಿಸಿದರು.

ನಮ್ಮೂರುಗಳ ಗೋಡೆಗಳ ಮೇಲೆ ನರದೌರ್ಬಲ್ಯಕ್ಕೆ ಔಷಧಿ ಎಂಬ ಬರಹಗಳನ್ನು ನೀವು ನೋಡಿರುತ್ತೀರಿ. ಆಗಿನ ಇಂಗ್ಲಿಷ್ ಮಾತಿನಲ್ಲೂ ಆತಂಕವನ್ನು ನರಗಳ ತೊಂದರೆ ಎಂದೇ ಕರೆಯುತ್ತಿದ್ದರು. ವೀಕ್ಸ್ ಆ ಪದವನ್ನೇ ಬಳಸಿ ಅದರ ಅರ್ಥವನ್ನು ತಿದ್ದಿದರು. ಆತಂಕದಲ್ಲಿ ನರಗಳು ಬಲಹೀನವಾಗಿರುವುದಿಲ್ಲ, ಅತಿಯಾಗಿ ಎಚ್ಚರವಾಗಿರುತ್ತವೆ. ಹಾಗಾಗಿ ನರಗಳಿಗೆ ಬಲ ತುಂಬುವ ಟಾನಿಕ್ಕಿನಿಂದ ಆತಂಕ ಹೋಗುವುದಿಲ್ಲ.

ನಲವತ್ತು ದಾಟಿ ವೈದ್ಯೆ

ಲಂಡನ್ನಿನಿಂದ ಮರಳಿದ ಮೇಲೆ ವೀಕ್ಸ್ ಅವರ ಬದುಕು ನೇರ ದಾರಿಯಲ್ಲಿ ಸಾಗಲಿಲ್ಲ. ಸಂಶೋಧನೆ ಮುಂದುವರಿಸಿದರು, ಹಾಡುಗಾರಿಕೆ ಕಲಿತರು, ಯುರೋಪಿಗೆ ಹೋಗುವವರಿಗೆ ಸಲಹೆ ಕೊಡುವ ಪ್ರವಾಸ ಕಚೇರಿಯನ್ನೂ ನಡೆಸಿದರು. ಎರಡನೇ ಮಹಾಯುದ್ಧ ಶುರುವಾದಾಗ ಪ್ರವಾಸದ ವ್ಯವಹಾರ ನಿಂತಿತು. ಆಗ ಅವರು ವೈದ್ಯಕೀಯ ಕಾಲೇಜು ಸೇರಿದರು. 1945ರಲ್ಲಿ ವೈದ್ಯಕೀಯ ಪದವಿ ಕೈಗೆ ಬರುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು.

ಸಿಡ್ನಿಯಲ್ಲಿ ಸಾಮಾನ್ಯ ವೈದ್ಯೆಯಾಗಿ ಕ್ಲಿನಿಕ್ ತೆರೆದರು. ರೇಚಲ್ ಫಾರ್ಸ್ಟರ್ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಎದೆನೋವು, ತಲೆಸುತ್ತು, ನಿದ್ದೆ ಬಾರದಿರುವುದು ಎಂದು ಬರುವವರಲ್ಲಿ ಎಷ್ಟೋ ಮಂದಿ ತಾವು ಇಪ್ಪತ್ತೈದರಲ್ಲಿ ಅನುಭವಿಸಿದ್ದನ್ನೇ ಹೇಳುತ್ತಿದ್ದಾರೆ ಎಂದು ಅವರಿಗೆ ತಿಳಿಯುತ್ತಿತ್ತು. ಅಂಥವರಿಗೆ ಮೊದಲು ದೇಹದ ಪರೀಕ್ಷೆ ಆಗಬೇಕು, ಬೇರೆ ಕಾಯಿಲೆ ಇಲ್ಲವೆಂದು ಖಚಿತವಾಗಬೇಕು ಎಂಬುದು ಅವರ ನಿಲುವು. ಆಮೇಲೆ ದೇಹದಲ್ಲಿ ನಡೆಯುತ್ತಿರುವುದನ್ನು ಬಿಡಿಸಿ ಹೇಳುತ್ತಿದ್ದರು.

ನಾಲ್ಕು ಹೆಜ್ಜೆಗಳು

1962ರಲ್ಲಿ ಅವರ ಮೊದಲ ಪುಸ್ತಕ ಸೆಲ್ಫ್ ಹೆಲ್ಪ್ ಫಾರ್ ಯುವರ್ ನರ್ವ್ಸ್ ಹೊರಬಂತು. ಆಗ ಅವರಿಗೆ 59 ವರ್ಷ. ಪುಸ್ತಕದ ಸಾರ ನಾಲ್ಕು ಹೆಜ್ಜೆಗಳಲ್ಲಿದೆ: ಎದುರಿಸುವುದು, ಒಪ್ಪಿಕೊಳ್ಳುವುದು, ತೇಲುವುದು, ಕಾಲಕ್ಕೆ ಬಿಡುವುದು.

ಎದುರಿಸುವುದು ಎಂದರೆ ಭಯ ಹುಟ್ಟಿಸುವ ಜಾಗದಿಂದ, ಅನುಭವದಿಂದ ಓಡದಿರುವುದು. ಒಪ್ಪಿಕೊಳ್ಳುವುದು ಎಂದರೆ ಹಲ್ಲು ಕಚ್ಚಿ ಸಹಿಸುವುದಲ್ಲ. ಬಡಿತ, ನಡುಕ, ಬೆವರು ಬಂದರೆ ಬರಲಿ ಎಂದು ಜಾಗ ಬಿಟ್ಟುಕೊಡುವುದು. ಮೂರನೆಯ ಹೆಜ್ಜೆ, ಊರ ಬಾವಿಯಲ್ಲಿ ಈಜು ಕಲಿತವರಿಗೆ ಬೇಗ ಅರ್ಥವಾಗುತ್ತದೆ. ಹೆದರಿ ಕೈಕಾಲು ಬಡಿದಷ್ಟೂ ಮುಳುಗುತ್ತೇವೆ, ಮೈ ಸಡಿಲ ಬಿಟ್ಟರೆ ನೀರೇ ಎತ್ತಿ ಹಿಡಿಯುತ್ತದೆ. ಹಾಗೆ ಮೈ ಬಿಗಿ ಮಾಡಿಕೊಳ್ಳದೆ, ಕಾಲು ನಡುಗಿದರೂ ಮುಂದೆ ಸಾಗುವುದೇ ತೇಲುವುದು. ನಾಲ್ಕನೆಯದು ತಾಳ್ಮೆ. ತಿಂಗಳುಗಟ್ಟಲೆ ಬೆಚ್ಚಿದ ನರವ್ಯೂಹ ಒಂದೇ ವಾರದಲ್ಲಿ ಶಾಂತವಾಗದು, ನಡುವೆ ಹಿನ್ನಡೆ ಬರುತ್ತದೆ, ಅದು ಸೋಲಲ್ಲ.

ಕೇಳಲು ಸುಲಭ, ಮಾಡಲು ಕಷ್ಟ. ಅದಕ್ಕೇ ಅವರು ಇದನ್ನು ಒಮ್ಮೆ ಹೇಳಿ ಬಿಡುತ್ತಿರಲಿಲ್ಲ. ಒಂದೇ ಮಾತನ್ನು ಬೇರೆ ಬೇರೆ ಉದಾಹರಣೆಗಳೊಂದಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಹೆದರಿದ ಮನಸ್ಸು ಮೊದಲ ಸಲಕ್ಕೆ ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಗ್ರಾಮಫೋನಿನಲ್ಲಿ ಮನೆಗೆ ಬಂದ ವೈದ್ಯೆ

ಪುಸ್ತಕ ಬ್ರಿಟನ್, ಅಮೆರಿಕಗಳಲ್ಲೂ ಮಾರಾಟವಾಯಿತು. ಓದಿದವರಲ್ಲಿ ಅಗೊರಾಫೋಬಿಯಾ ಇದ್ದವರು ಬಹಳ ಮಂದಿ. ಅಂದರೆ ಬಸ್ಸು, ಅಂಗಡಿ, ಜನಸಂದಣಿಗೆ ಹೆದರಿ ಮನೆಯಿಂದ ಹೊರಗೆ ಕಾಲಿಡಲಾಗದವರು. ಇಂಥವರಿಗೆ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಪ್ರಯೋಜನವಿಲ್ಲ. ಹೊರಗೆ ಹೋಗುವುದೇ ಅವರ ಕಾಯಿಲೆ.

ಆದ್ದರಿಂದ ವೀಕ್ಸ್ ಚಿಕಿತ್ಸೆಯನ್ನೇ ಮನೆಗೆ ಕಳುಹಿಸಿದರು. ತಮ್ಮದೇ ದನಿಯಲ್ಲಿ ಮಾತುಗಳನ್ನು ಗ್ರಾಮಫೋನ್ ತಟ್ಟೆ ಮತ್ತು ಕ್ಯಾಸೆಟ್‌ಗಳಿಗೆ ಧ್ವನಿಮುದ್ರಿಸಿದರು. ನಿಯತಕಾಲಿಕೆಗಳನ್ನು ಅಂಚೆಯಲ್ಲಿ ಕಳುಹಿಸಿದರು. ಭಯ ಬಂದ ಹೊತ್ತಿಗೆ ತಟ್ಟೆ ಹಾಕಿದರೆ ಮನೆಯೊಳಗೇ ವೈದ್ಯೆಯ ದನಿ ಕೇಳುತ್ತಿತ್ತು. ಹೀಗೆ ದೂರದಿಂದ ಮಾರ್ಗದರ್ಶನ ಪಡೆದ ಅಗೊರಾಫೋಬಿಯಾದ 528 ಮಂದಿಯ ವಿವರಗಳನ್ನು ಅವರು 1973ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಒಳ್ಳೆಯ ಸುಧಾರಣೆ ಕಂಡವರು ಅದರಲ್ಲಿ ಬಹಳ ಮಂದಿ ಇದ್ದರು.

ಈ ಅಧ್ಯಯನಕ್ಕೆ ಮಿತಿ ಇತ್ತು. ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ನೋಡಿದ ಪ್ರಯೋಗ ಅದಾಗಿರಲಿಲ್ಲ. ಆದ್ದರಿಂದ ಸುಧಾರಣೆಯಲ್ಲಿ ಎಷ್ಟು ಪಾಲು ಚಿಕಿತ್ಸೆಯದು, ಎಷ್ಟು ಕಾಲದ್ದು ಎಂದು ಅದರಿಂದಲೇ ಹೇಳಲಾಗದು. ವೀಕ್ಸ್ ಮನೋವೈದ್ಯೆ ಆಗಿರಲಿಲ್ಲ. ಮನೋವೈದ್ಯರಲ್ಲಿ ಹಲವರು ಅವರ ಸರಳ ಭಾಷೆಯ ಪುಸ್ತಕಗಳನ್ನು ಗಂಭೀರವಾಗಿ ಪರಿಗಣಿಸಲೂ ಇಲ್ಲ. ಆದರೂ ಭಯದ ದೈಹಿಕ ಅನುಭವದಿಂದ ಓಡದೆ ಅದನ್ನು ಎದುರುಗೊಳ್ಳಬೇಕು ಎಂಬ ಅವರ ಮುಖ್ಯ ವಿಚಾರ, ಇಂದು ಆತಂಕಕ್ಕೆ ಕೊಡುವ ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿಯಲ್ಲೂ ಇದೆ.

1990ರ ಜೂನ್ 2ರಂದು ವೀಕ್ಸ್ ತೀರಿಕೊಂಡರು. ಆಗ ಅವರಿಗೆ 87 ವರ್ಷ. ನಿಮಗೆ ಈಗಲೂ ಪ್ಯಾನಿಕ್ ಬರುತ್ತದೆಯೇ ಎಂದು ಅವರನ್ನು ಒಮ್ಮೆ ಕೇಳಿದಾಗ, ಕೆಲವೊಮ್ಮೆ ರಾತ್ರಿ ಬಂದು ಎಬ್ಬಿಸುವುದುಂಟು ಎಂದು ಒಪ್ಪಿಕೊಂಡಿದ್ದರು. ಅದಕ್ಕಾಗಿ ಯಾರ ಅನುಕಂಪವೂ ತಮಗೆ ಬೇಕಿಲ್ಲ ಎಂದೂ ಸೇರಿಸಿದ್ದರು. ಭಯ ಬಂದರೂ ಅದಕ್ಕೆ ಹೆದರದೆ ಇರಲು ಅವರು ಕಲಿತಿದ್ದರು. ಗುಣವಾಗುವುದು ಎಂದರೆ ಇನ್ನು ಮುಂದೆ ಎದೆ ಬಡಿಯುವುದೇ ಇಲ್ಲ ಎಂದುಕೊಂಡವರು ಇದನ್ನು ಗಮನಿಸಬೇಕು.

ತಟ್ಟೆಯಿಂದ ಫೋನಿಗೆ

ವೀಕ್ಸ್ ತೀರಿಕೊಂಡ ಮೇಲೆ ಇಂಟರ್ನೆಟ್ ಬಂತು. ಅವರ ಸಿಡ್ನಿಯಲ್ಲೇ ಇಂಟರ್ನೆಟ್ ಮೂಲಕ ಸಿಬಿಟಿ ಕೊಡುವ ಎರಡು ದೊಡ್ಡ ಕಾರ್ಯಕ್ರಮಗಳು ಬೆಳೆದವು: ದಿಸ್ ವೇ ಅಪ್ ಮತ್ತು ಮೈಂಡ್‌ಸ್ಪಾಟ್. ವೀಕ್ಸ್ ಅವರ ಅಧ್ಯಯನದಲ್ಲಿ ಇಲ್ಲದಿದ್ದ ಹೋಲಿಕೆ ಗುಂಪುಗಳನ್ನು ಒಳಗೊಂಡ ಪ್ರಯೋಗಗಳು ಈಗ ಹಲವು ದೇಶಗಳಲ್ಲಿ ನಡೆದಿವೆ. ಪ್ಯಾನಿಕ್, ಸಾಮಾಜಿಕ ಆತಂಕ, ಸದಾ ಕಾಡುವ ಚಿಂತೆಯಂಥ ಸಮಸ್ಯೆಗಳಲ್ಲಿ ಆನ್‌ಲೈನ್ ಸಿಬಿಟಿಯಿಂದ ಗಣನೀಯ ಸುಧಾರಣೆ ಆಗುತ್ತದೆ ಎಂದು ಅವು ತೋರಿಸಿವೆ. ಬರೀ ಆ್ಯಪ್ ಬಿಟ್ಟುಕೊಟ್ಟರೆ ಅರ್ಧಕ್ಕೇ ನಿಲ್ಲಿಸುವವರು ಹೆಚ್ಚು. ತರಬೇತಾದ ಒಬ್ಬರು ಆಗಾಗ ವಿಚಾರಿಸುತ್ತಿದ್ದರೆ ಜನ ಕೊನೆಯವರೆಗೂ ಮುಂದುವರಿಸುತ್ತಾರೆ.

ಹಾಗಾಗಿ ಆನ್‌ಲೈನ್ ಥೆರಪಿ ನಿಜವಾದ ಚಿಕಿತ್ಸೆಯೇ ಅಲ್ಲ ಎಂಬ ಫಾರ್ವರ್ಡ್ ತಪ್ಪು. ಆನ್‌ಲೈನ್‌ನಲ್ಲಿ ಥೆರಪಿ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಚಿಕಿತ್ಸೆ ಎಂಬ ಜಾಹೀರಾತೂ ಅಷ್ಟೇ ತಪ್ಪು.

ನೀವು ಹುಡುಕುತ್ತಿದ್ದರೆ

ವೀಕ್ಸ್ ಮಾಡಿದಂತೆ ದೇಹದ ಪರೀಕ್ಷೆಯಿಂದ ಶುರು ಮಾಡಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಹೃದಯದ ಲಯದ ಏರುಪೇರುಗಳಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಹತ್ತಿರದ ವೈದ್ಯರನ್ನು ಒಮ್ಮೆ ಕಾಣಿ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಪ್ರಜ್ಞೆ ತಪ್ಪಿದರೆ, ಆತಂಕ ಇರಬಹುದು ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ದುಡ್ಡಿಲ್ಲದೆ ಶುರು ಮಾಡಲು ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಹೆಚ್ಚಿನ ಚಿಕಿತ್ಸೆ ಬೇಕಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರೇ ತಿಳಿಸುತ್ತಾರೆ.

ಖಾಸಗಿಯಾಗಿ ಹುಡುಕುವುದಾದರೆ ಮೊದಲು ಓದು ಮತ್ತು ನೋಂದಣಿ ಕೇಳಿ. ಮನೋವೈದ್ಯರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಇರುತ್ತದೆ. ಔಷಧಿ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರುತ್ತದೆ. ಥೆರಪಿಸ್ಟ್, ಕೋಚ್, ಹೀಲರ್ ಎಂದು ಯಾರು ಬೇಕಾದರೂ ತಮ್ಮ ಪುಟದಲ್ಲಿ ಬರೆದುಕೊಳ್ಳಬಹುದು. ಸಂಖ್ಯೆ ಕೇಳುವುದು ಅವಮಾನ ಮಾಡಿದಂತಲ್ಲ. ಸರಿಯಾದವರು ಕೇಳಿದ ಕೂಡಲೇ ಕೊಡುತ್ತಾರೆ.

ಮೊದಲ ಭೇಟಿಯಲ್ಲಿ ಗಮನಿಸಬೇಕಾದ ಸಂಗತಿಗಳೂ ಇವೆ. ಅವರು ನಿಮ್ಮ ಮಾತು ಕೇಳುತ್ತಾರೆಯೇ? ದೇಹದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸುತ್ತಾರೆಯೇ? ಯಾವ ವಿಧಾನ, ಎಷ್ಟು ವಾರ, ಎಷ್ಟು ಶುಲ್ಕ, ಮಾತುಗಳ ಗೋಪ್ಯತೆ ಹೇಗೆ ಎಂದು ತಿಳಿಸುತ್ತಾರೆಯೇ? ತುರ್ತು ಬಂದರೆ ಯಾರನ್ನು ಸಂಪರ್ಕಿಸಬೇಕು ಎಂದು ಬರೆದುಕೊಳ್ಳುತ್ತಾರೆಯೇ? ನೂರಕ್ಕೆ ನೂರು ಗ್ಯಾರಂಟಿ ಕೊಡುವವರಿಂದ, ಮೊದಲೇ ಇಡೀ ಪ್ಯಾಕೇಜಿನ ಹಣ ಕಟ್ಟಿ ಎಂದು ಅವಸರ ಮಾಡುವವರಿಂದ, ವೈದ್ಯರು ಕೊಟ್ಟ ಮಾತ್ರೆಯನ್ನು ತಕ್ಷಣ ಬಿಡಿ ಎನ್ನುವವರಿಂದ ದೂರವಿರಿ. ಕೆಲವು ಭೇಟಿಗಳ ನಂತರವೂ ಹೊಂದಾಣಿಕೆ ಆಗದಿದ್ದರೆ ಬೇರೆಯವರನ್ನು ಹುಡುಕುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಮಾತಾಡಲು ಏಕಾಂತ ಸಿಗದಿರುವುದು ನಮ್ಮಲ್ಲಿ ದೊಡ್ಡ ತೊಡಕು. ಇಯರ್‌ಫೋನ್ ಹಾಕಿಕೊಂಡು ತಾರಸಿಯಲ್ಲೋ, ನಂಬಿಕೆಯ ಗೆಳೆಯರ ಕೋಣೆಯಲ್ಲೋ ಕೂರಬಹುದು. ಹದಿನೆಂಟು ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ಮನೆಯವರಲ್ಲಿ ಅರ್ಥಮಾಡಿಕೊಳ್ಳಬಲ್ಲ ಒಬ್ಬರಿಗೆ, ಅಕ್ಕನೋ ಮಾವನೋ ಅಜ್ಜಿಯೋ, ಮೊದಲು ಹೇಳಿ.

ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ, ಇಲ್ಲದ ದನಿಗಳು ಕೇಳುತ್ತಿದ್ದರೆ, ಊಟ ನಿದ್ದೆ ಪೂರ್ತಿ ನಿಂತಿದ್ದರೆ ಆ್ಯಪ್ ಮತ್ತು ಪುಸ್ತಕಗಳು ಸಾಲವು. ಒಬ್ಬರೇ ಇರಬೇಡಿ. 14416ಕ್ಕೆ ಕರೆ ಮಾಡಿ, ಅಥವಾ ಯಾರನ್ನಾದರೂ ಜೊತೆಗೆ ಕರೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.

ಇನ್ನು ಮನೆಯ ಹಿರಿಯರಿಗೆ, ಗೆಳೆಯರಿಗೆ ಒಂದು ಮಾತು. ವೀಕ್ಸ್ ಅವರಿಗೆ ದಾರಿ ತೋರಿಸಿದ ಔರೂಸೋ ವೈದ್ಯರಲ್ಲ. ಅವರು ನಗಲಿಲ್ಲ, ಬೈಯಲಿಲ್ಲ, ಮನಸ್ಸು ಗಟ್ಟಿ ಮಾಡಿಕೊ ಎಂದು ಉಪದೇಶ ಮಾಡಲಿಲ್ಲ. ಆಗುತ್ತಿರುವುದೇನು ಎಂದು ಸರಿಯಾಗಿ ತಿಳಿಸಿದರು, ಅಷ್ಟೇ. ನಿಮ್ಮ ಮನೆಯ ಮಗಳೋ ಮಗನೋ ಎದೆ ಹೊಡೆದುಕೊಳ್ಳುತ್ತಿದೆ ಎಂದರೆ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೃದಯ ಸರಿಯಾಗಿದೆ ಎಂದು ರಿಪೋರ್ಟ್ ಬಂದ ಮೇಲೆ, ಏನೂ ಇಲ್ಲ ಬಿಡು ಎಂದು ಮುಗಿಸಬೇಡಿ. ಇದು ಭಯ, ಇದಕ್ಕೂ ಚಿಕಿತ್ಸೆ ಇದೆ ಎಂದು ಹೇಳಿ, ಆ ಚಿಕಿತ್ಸೆ ಹುಡುಕಲು ಜೊತೆಗೆ ಕೂತುಕೊಳ್ಳಿ.